ಯಾವಾಗ ಸುಮ್ಮನಿರಬೇಕು, ಯಾವಾಗ ಕೆದಕಬೇಕು

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ನಿಮ್ಮ ಗೆಳೆಯ ದೊಡ್ಡ ಅಪಘಾತದಲ್ಲಿ ಬದುಕಿ ಉಳಿದಿದ್ದಾನೆ. ನಡೆದದ್ದು ನಿನ್ನೆ. ಇವತ್ತು ನೀವು ನೋಡಲು ಹೋಗಿದ್ದೀರಿ. ಏನು ಹೇಳುತ್ತೀರಿ? "ಏನಾಯ್ತು, ಎಲ್ಲಾ ಹೇಳಿಬಿಡು, ಮನಸ್ಸು ಹಗುರ ಆಗುತ್ತೆ." ಅಲ್ವಾ?

ವೈದ್ಯರೂ ಒಂದು ಕಾಲದಲ್ಲಿ ಇದನ್ನೇ ನಂಬಿದ್ದರು. 1983ರಲ್ಲಿ ಜೆಫ್ರಿ ಮಿಚೆಲ್ ಎಂಬ ಅಮೆರಿಕದ ತಜ್ಞ ತುರ್ತು ಸೇವೆಯ ಸಿಬ್ಬಂದಿಗಾಗಿ 'ಡೀಬ್ರೀಫಿಂಗ್' ಎಂಬ ಕ್ರಮ ತಂದರು. ಘಟನೆ ನಡೆದ ಕೆಲವೇ ದಿನಗಳಲ್ಲಿ ಎಲ್ಲರನ್ನೂ ಕೂರಿಸಿ, ಏನು ಕಂಡಿರಿ, ಏನನ್ನಿಸಿತು ಎಂದು ಹೇಳಿಸುವುದು. ಆಮೇಲೆ ಅದು ಎಲ್ಲ ಕಡೆ ಹರಡಿತು. ಒಬ್ಬೊಬ್ಬರನ್ನೇ ಕೂರಿಸಿ, ಒಂದೇ ಸಲ ಮಾತಾಡಿಸಿ ಕಳಿಸುವ ರೂಢಿಯೂ ಬಂತು.

1997ರಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಹೊರಬಂತು. ಸುಟ್ಟ ಗಾಯದಿಂದ ಆಸ್ಪತ್ರೆ ಸೇರಿದವರಲ್ಲಿ ಕೆಲವರಿಗೆ ಡೀಬ್ರೀಫಿಂಗ್ ಮಾಡಿದರು, ಉಳಿದವರಿಗೆ ಮಾಡಲಿಲ್ಲ. 13 ತಿಂಗಳ ನಂತರ ನೋಡಿದರೆ, ಮಾತಾಡಿಸಿದವರಲ್ಲಿ 26% ಜನರಿಗೆ ಆಘಾತದ ನೆನಪು, ಭಯ ಬಿಡದೆ ಕಾಡುವ ಕಾಯಿಲೆ, ಅಂದರೆ ಪಿಟಿಎಸ್‌ಡಿ. ಸುಮ್ಮನೆ ಬಿಟ್ಟವರಲ್ಲಿ 9%. ಮಾತಾಡಿಸಿದ ಗುಂಪಿನವರ ಗಾಯ ಮೊದಲೇ ಸ್ವಲ್ಪ ಜಾಸ್ತಿ ಇತ್ತು, ಅದನ್ನೂ ಹೇಳಬೇಕು. ಆದರೆ ಆಮೇಲೆ ಬಂದ ಅಧ್ಯಯನಗಳಲ್ಲೂ ಲಾಭವೇನೂ ಕಾಣಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ, ಬ್ರಿಟನ್ನಿನ 'ನೈಸ್' ಸಂಸ್ಥೆಯ 2018ರ ಮಾರ್ಗಸೂಚಿ, ಎರಡೂ ಒಂದೇ ಮಾತು ಹೇಳುತ್ತವೆ: ಪಿಟಿಎಸ್‌ಡಿ ತಡೆಯಲು ಡೀಬ್ರೀಫಿಂಗ್ ಮಾಡಬೇಡಿ.

ಮಾರ್ಗಸೂಚಿ ಅಂದರೆ ಏನೇನು ಮಾಡಬೇಕು ಅನ್ನುವ ಪಟ್ಟಿ ಎಂದುಕೊಳ್ಳುತ್ತೇವೆ. ನನಗೆ ಅದರಲ್ಲಿ ಜಾಸ್ತಿ ಬೆಲೆಬಾಳುವುದು 'ಮಾಡಬೇಡಿ' ಎನ್ನುವ ಸಾಲುಗಳೇ.

ಇನ್ನೊಂದು 'ಬೇಡ' ನಿದ್ದೆ ಮಾತ್ರೆಯದು. ಡಯಾಜೆಪಾಮ್, ಲೊರಾಜೆಪಾಮ್ ತರಹದವು. ಆಘಾತವಾದವರಿಗೆ ನಿದ್ದೆ ಬರುತ್ತಿಲ್ಲ, ಒಂದು ಮಾತ್ರೆ ಕೊಟ್ಟರೇನು ಅನ್ನಿಸುತ್ತದೆ. ಕೊಡುವವರ ಕರುಣೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಇವು ಪಿಟಿಎಸ್‌ಡಿಯನ್ನು ತಡೆಯುವುದಿಲ್ಲ, ಅಭ್ಯಾಸವಾದರೆ ಬಿಡಿಸುವುದು ಕಷ್ಟ. 'ಅಪಾಯ ಮುಗಿಯಿತು' ಎಂದು ಮೆದುಳು ಕಲಿಯಬೇಕಾದ ಹೊತ್ತಿನಲ್ಲಿ ಅದನ್ನು ಮಂಕು ಮಾಡಿದರೆ ಕಲಿಕೆಗೇ ಅಡ್ಡಿಯಾಗಬಹುದು ಎಂಬ ಚಿಂತೆಯೂ ಇದೆ.

ಹಾಗಾದರೆ ಮೊದಲ ದಿನಗಳಲ್ಲಿ ಏನು ಮಾಡುವುದು? ಗಮನಿಸಿ, ಕೇಳಿಸಿಕೊಳ್ಳಿ, ಬೇಕಾದವರ ಜೊತೆ ಸೇರಿಸಿ. ಮನಸ್ಸಿನ ಪ್ರಥಮ ಚಿಕಿತ್ಸೆ ಎಂದರೆ ಇಷ್ಟೇ. ಸುರಕ್ಷಿತ ಜಾಗ, ನೀರು, ಹೊದಿಕೆ, ಮನೆಯವರಿಗೆ ಒಂದು ಫೋನ್. ಅವರಾಗಿ ಮಾತಾಡಿದರೆ ಕಿವಿ ಕೊಡಿ, ತಡೆಯಬೇಡಿ. ಮಾತಾಡದಿದ್ದರೆ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಸುಮ್ಮನೆ ಕೂರುವುದು ಸುಲಭ ಅಂತ ಯಾರೂ ತಿಳಿಯಬಾರದು, ನನಗಂತೂ ಅದನ್ನು ಕಲಿಯಲು ವರ್ಷಗಳೇ ಬೇಕಾದವು.

ಕಾಯುವುದಕ್ಕೆ ಕಾರಣವಿದೆ. ಪ್ರಪಂಚದಲ್ಲಿ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥ ಆಘಾತ ಕಾಣುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವರಲ್ಲಿ ಪಿಟಿಎಸ್‌ಡಿಗೆ ತಿರುಗುವುದು 5.6% ಮಾತ್ರ. ಮೊದಲ ವಾರಗಳಲ್ಲಿ ಬೆಚ್ಚಿಬೀಳುವುದು, ಕೆಟ್ಟ ಕನಸು, ಅಳು, ಇವೆಲ್ಲ ಬಹಳ ಜನರಿಗೆ ಆಗುತ್ತವೆ. ಹೆಚ್ಚಿನವರಿಗೆ ತಾನಾಗಿ ಇಳಿಯುತ್ತವೆ. ಲಕ್ಷಣಗಳು ಒಂದು ತಿಂಗಳು ದಾಟಿದರೆ ಮಾತ್ರ ಪಿಟಿಎಸ್‌ಡಿ ಎನ್ನುತ್ತೇವೆ. ಕಾಯುವುದು ಅಂದರೆ ಮರೆತುಬಿಡುವುದಲ್ಲ. ನೈಸ್ ಇದನ್ನು ನಿಗಾ ಇಡುವುದು ಎನ್ನುತ್ತದೆ, ಒಂದು ತಿಂಗಳೊಳಗೆ ಮತ್ತೆ ಸಂಪರ್ಕ ಮಾಡಿ ನೋಡಬೇಕು. ಲಕ್ಷಣ ಜೋರಾಗಿದ್ದರೆ ತಿಂಗಳು ತುಂಬುವ ಮುಂಚೆಯೇ ಚಿಕಿತ್ಸೆ ಶುರು ಮಾಡಬಹುದು. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯುವಂತಿಲ್ಲ.

ಈಗ ವಿಚಿತ್ರಕ್ಕೆ ಬರೋಣ. ಮೊದಲ ದಿನ ಕೆದಕಬೇಡಿ ಎಂದೆ. ಕಾಯಿಲೆ ಬೇರೂರಿದ ಮೇಲೆ ಚಿಕಿತ್ಸೆಯೇ ಕೆದಕುವುದು! ಹಸಿ ಗಾಯ ಮುಟ್ಟಬಾರದು, ಒಳಗೆ ಕೀವು ನಿಂತರೆ ಮುಟ್ಟಲೇಬೇಕು. ಪಿಟಿಎಸ್‌ಡಿಯನ್ನು ಜೀವಂತ ಇಡುವುದು ತಪ್ಪಿಸಿಕೊಳ್ಳುವ ಅಭ್ಯಾಸ. ಗೆಳೆಯ ಮೊದಲು ಆ ರಸ್ತೆ ಬಿಡುತ್ತಾನೆ. ಆಮೇಲೆ ಗಾಡಿ ಓಡಿಸುವುದನ್ನು ಬಿಡುತ್ತಾನೆ. ಆಮೇಲೆ ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾನೆ. ಪ್ರತಿ ಸಲ ಸ್ವಲ್ಪ ನೆಮ್ಮದಿ ಸಿಗುತ್ತದೆ, ಆದರೆ ಆ ನೆನಪು ಹಳೆಯದಾಗುವುದೇ ಇಲ್ಲ.

ಅದಕ್ಕೇ ತರಬೇತಿ ಪಡೆದವರ ಜೊತೆ ಕೂತು ಆ ನೆನಪಿನ ಹತ್ತಿರ ಹೋಗಬೇಕು. ಎಡ್ನಾ ಫೋವಾ ರೂಪಿಸಿದ ಕ್ರಮದಲ್ಲಿ ಘಟನೆಯನ್ನು ಮತ್ತೆ ಮತ್ತೆ ಹೇಳಿಸುತ್ತಾರೆ, ಬಿಟ್ಟುಹೋದ ಜಾಗಗಳಿಗೆ ಮೆಲ್ಲಗೆ ಮರಳಿಸುತ್ತಾರೆ. ಸಾಮಾನ್ಯವಾಗಿ 8ರಿಂದ 15 ಭೇಟಿ. ಪ್ಯಾಟ್ರಿಷಿಯಾ ರೆಸಿಕ್ ಅವರ ಕ್ರಮ 'ತಪ್ಪು ನನ್ನದೇ' ಎಂಬಂಥ ಯೋಚನೆಗಳನ್ನು ಹಿಡಿದು ಪ್ರಶ್ನಿಸುತ್ತದೆ. ಮೂರನೆಯದು ಇಎಂಡಿಆರ್, 1987ರಲ್ಲಿ ಫ್ರಾನ್ಸಿನ್ ಶಪಿರೋ ಶುರು ಮಾಡಿದ್ದು. ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವುದು. ಕಣ್ಣಿನ ಚಲನೆ ನಿಜಕ್ಕೂ ಬೇಕೇ ಎಂಬ ಜಗಳ ಇನ್ನೂ ಮುಗಿದಿಲ್ಲ, ಚಿಕಿತ್ಸೆಯಂತೂ ಕೆಲಸ ಮಾಡುತ್ತದೆ.

ಡೀಬ್ರೀಫಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ? ಅಲ್ಲಿ ಬಾಗಿಲು ತೆರೆದು ಹೊರಟುಹೋಗುತ್ತಿದ್ದರು. ಇಲ್ಲಿ ವಾರಗಟ್ಟಲೆ ಜೊತೆಗಿರುತ್ತಾರೆ. ಅಲ್ಲಿ ಎಲ್ಲರನ್ನೂ ಕೂರಿಸುತ್ತಿದ್ದರು, ಇಲ್ಲಿ ಕಾಯಿಲೆ ಇದ್ದವರನ್ನು, ಅದೂ ಅವರು ಒಪ್ಪಿದ ಮೇಲೆ.

ಔಷಧಿ ಬೇಡವೇ ಅಂದರೆ, ಇದೆ. ಸರ್ಟ್ರಲಿನ್, ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್, ಖಿನ್ನತೆಗೂ ಕೊಡುವ ಮಾತ್ರೆಗಳು. ಅಮೆರಿಕದ ಸೇನೆ ಮತ್ತು ಮಾಜಿ ಸೈನಿಕರಿಗಾಗಿ ಮಾಡಿದ 2023ರ ಮಾರ್ಗಸೂಚಿ ಮಾತಿನ ಚಿಕಿತ್ಸೆಗೇ ಮೊದಲ ಸ್ಥಾನ ಕೊಡುತ್ತದೆ. ಮಾತ್ರೆಯೇ ಬೇಕು ಎನ್ನುವ ದೊಡ್ಡವರಿಗೆ ಕೊಡಬಹುದು ಎನ್ನುತ್ತದೆ ನೈಸ್, 18ರೊಳಗಿನವರಿಗೆ ಮಾತ್ರ ಬೇಡವೇ ಬೇಡ. ಚಿಕಿತ್ಸಕರು ಸಿಗದ ಕಡೆ ಮಾತ್ರೆ ಬರೆಯುವುದನ್ನು ನಾನು ತಪ್ಪು ಎನ್ನಲಾರೆ. ಆದರೆ ಸಿಗುವ ಕಡೆಯೂ ಬರೀ ಮಾತ್ರೆ ಕೊಟ್ಟು ಕಳಿಸಿದರೆ, ಯಾಕೆ ಎಂದು ನೀವು ಕೇಳಬೇಕು.

ಗೆಳೆಯನ ವಿಷಯಕ್ಕೆ ಬಂದರೆ, ಕ್ಯಾಲೆಂಡರಿನಲ್ಲಿ ಮೂರು ನಾಲ್ಕು ವಾರ ಬಿಟ್ಟು ಒಂದು ಗುರುತು ಹಾಕಿಡಿ. ಆ ದಿನ ಹೋಗಿ. ಅಪಘಾತದ ಬಗ್ಗೆ ಕೇಳಬೇಡಿ. ನಿದ್ದೆ ಹೇಗಿದೆ ಅಂತ ಕೇಳಿ, ಕೆಲಸಕ್ಕೆ ಈಗ ಯಾವ ರಸ್ತೆಯಲ್ಲಿ ಹೋಗ್ತಿದ್ದೀಯ ಅಂತ ಕೇಳಿ.