ಸೋತವರಿಗೆ ಆಸ್ತಿ ಇಲ್ವಾ ಟೀಚರ್?

ನಮಸ್ಕಾರ. ಇವತ್ತು ನನ್ನದೇ ಒಂದು ತಪ್ಪಿನಿಂದ ಮಾತು ಶುರು ಮಾಡುತ್ತೇನೆ.

ಕಾರವಾರದಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ನಾನು ಚಿಕ್ಕ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಕ್ರೈಸ್ತ ಧರ್ಮದ ಪಾಠ, ಹೇಳಿಕೊಡುತ್ತೇನೆ. ಅವತ್ತಿನ ಪಾಠ, ನಾವು ದೇವರ ಮಕ್ಕಳು, ಹಾಗಾಗಿ ಅವರ ಆಸ್ತಿಗೆ ಹಕ್ಕುದಾರರು ಅಂತ. ಸುಮ್ನೆ ಓದಿಸಿದರೆ ಆಕಳಿಸುತ್ತಾರೆ ಅಂತ ಕುರ್ಚಿ ಆಟ ಇಟ್ಟೆ. ಹಾಡು ನಿಂತಾಗ ಕುರ್ಚಿ ಸಿಗದವರು ಹೊರಗೆ. ಕೊನೆಗೆ ಉಳಿದವನ ತಲೆಗೆ ರಟ್ಟಿನ ಕಿರೀಟ, ಅದರ ಮೇಲೆ ಸ್ಕೆಚ್ ಪೆನ್ನಲ್ಲಿ 'ಹಕ್ಕುದಾರ'. ಭಾರೀ ಗಲಾಟೆ, ಭಾರೀ ಖುಷಿ. ಮೊದಲ ಸುತ್ತಿನಲ್ಲೇ ಔಟಾದ ಹುಡುಗಿ ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿದಳು: "ಸೋತವರಿಗೆ ಆಸ್ತಿ ಇಲ್ವಾ ಟೀಚರ್?"

ಏನಂತ ಹೇಳುವುದು? ಬಾಯಲ್ಲಿ ಒಂದು ಹೇಳಿದ್ದೆ, ಆಟದಲ್ಲಿ ಅದರ ಉಲ್ಟಾ ಕಲಿಸಿದ್ದೆ. ಅಪ್ಪನ ಆಸ್ತಿ ಮಗುವಿಗೆ ಬರುವುದು ಓಡಿ ಗೆದ್ದದ್ದಕ್ಕಲ್ಲ, ಆ ಮನೆಯ ಮಗು ಅನ್ನುವ ಕಾರಣಕ್ಕೆ. ಇಷ್ಟನ್ನೇ ತಾನೇ ಹೇಳಬೇಕಿದ್ದದ್ದು? ಕ್ವಿಜ್ ಇಟ್ಟು ಮೊದಲು ಬಂದವರಿಗೆ ಸ್ವರ್ಗದ ಕೀಲಿಕೈ ಕೊಡುವ ಆಟಗಳಿವೆಯಲ್ಲ, ಅವುಗಳ ಕತೆಯೂ ಇಷ್ಟೇ. ಆಟ ಚೆನ್ನಾಗಿರುತ್ತದೆ, ಪಾಠ ಸತ್ತಿರುತ್ತದೆ.

ಆಮೇಲೆ ಕಿರೀಟ ಬಿಟ್ಟು ಸೀಮೆಸುಣ್ಣ ಹಿಡಿದೆ. ಅಂಗಳದಲ್ಲಿ 12 ಮನೆ ಬರೆದೆ, ಬೈಬಲಿನಲ್ಲಿ ಇಸ್ರಯೇಲರ ಕುಲಗಳಿಗೆ ಸಿಕ್ಕ ನೆಲದ ಪಾಲು. ಮಧ್ಯದಲ್ಲಿ ಉದ್ದಕ್ಕೆ ಒಂದು ಗೆರೆ, ಅದು ಯೊರ್ದಾನ್ ನದಿ. ಮಕ್ಕಳಿಗೆ ಅದು ನಮ್ಮೂರಿನ ಕಾಳಿ ನದಿ! ಆಚೆ ಬದಿಯ ರೂಬೇನ್, ಗಾದ್ ಕುಲದವರೆಲ್ಲ ಕಾಳಿಯ ಆಚೆ ದಡದ ಸದಾಶಿವಗಡದವರಾದರು. ಇರಲಿ ಬಿಡಿ ಅಂದೆ. ಚೀಟಿ ಬರೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿದೆ. ಬೈಬಲಿನಲ್ಲೂ ಯೊರ್ದಾನಿನ ಈಚೆ ಬದಿಯ ನೆಲ ಹಂಚಿದ್ದು ಚೀಟಿ ಹಾಕಿಯೇ. ನಮ್ಮ ಕಡೆ ಮನೆ ಹಿಸ್ಸೆ ಆಗುವಾಗಲೂ ಚೀಟಿ ಹಾಕಿ ಚಿಕ್ಕ ಮಗುವಿನ ಕೈಲಿ ಎತ್ತಿಸುವುದುಂಟು, ಅಲ್ವಾ? ಹಾಗಾಗಿ ಇದನ್ನು ವಿವರಿಸುವ ಕೆಲಸವೇ ಬೀಳಲಿಲ್ಲ.

ಪಾಲು 12, ಮಕ್ಕಳು 13. 13ನೆಯ ಚೀಟಿಯಲ್ಲಿ 'ಲೇವಿ'. ಲೇವಿ ಕುಲಕ್ಕೆ ನೆಲದ ಪಾಲು ಇಲ್ಲ, ದೇವರೇ ಅವರ ಪಾಲು. ಆ ಚೀಟಿ ಸಿಕ್ಕ ಹುಡುಗನ ಮುಖ ನೋಡಬೇಕಿತ್ತು. ದೇವರು ಸಿಕ್ಕರು ಅಂತ ಸ್ವಲ್ಪವೂ ಸಂತೋಷ ಇರಲಿಲ್ಲ. ಆದರೆ ಉಳಿದ ಕುಲದವರು ಲೇವಿಯರಿಗೆ ಒಟ್ಟು 48 ಊರು ಬಿಟ್ಟುಕೊಡಬೇಕು. ಜಾಸ್ತಿ ಇದ್ದವರು ಜಾಸ್ತಿ, ಕಡಿಮೆ ಇದ್ದವರು ಕಡಿಮೆ. ನಮ್ಮ ಆಟದಲ್ಲಿ ಊರು ಅಂದರೆ ಹುಣಸೆ ಬೀಜ. ದೊಡ್ಡ ಮನೆ ಸಿಕ್ಕ ಹುಡುಗಿ ಒಂದೊಂದೇ ಬೀಜ ಎಣಿಸಿ, ಎರಡು ವಾಪಸ್ ತಗೊಂಡು, ಮತ್ತೆ ಒಂದು ಇಟ್ಟಳು. ನಾಫ್ತಾಲಿ ಆಗಿದ್ದವನು ಮೂರೇ ಕೊಡುತ್ತೇನೆ ಅಂತ ಹಟ ಹಿಡಿದ. ಬೈಬಲಿನ ಯೆಹೋಶುವನ ಗ್ರಂಥದಲ್ಲೂ ನಾಫ್ತಾಲಿ ಕೊಟ್ಟದ್ದು ಮೂರೇ! ಅವನಿಗೆ ಅದು ಗೊತ್ತಿರಲಿಲ್ಲ, ಪಾಪ. ಈ ಆಟದಲ್ಲಿ ಯಾರೂ ಗೆಲ್ಲಲಿಲ್ಲ, ಆದರೂ ಅರ್ಧ ಗಂಟೆ ಯಾರೂ ಎದ್ದು ಹೋಗಲಿಲ್ಲ.

ಬೈಬಲಿನ ಏಸಾವನ ಕತೆಗೆ ಬನ್ಸ್ ತಂದಿದ್ದೆ. ಏಸಾವ ಒಂದು ಊಟದ ಬೇಳೆ ಸಾರಿಗೆ ಚೊಚ್ಚಲ ಮಗನ ಹಕ್ಕನ್ನೇ ಮಾರಿದವನು. ಮುಂದೆ ಬಂದ ಕಾನೂನಿನ ಪ್ರಕಾರ ಚೊಚ್ಚಲ ಮಗನಿಗೆ ಎರಡು ಪಾಲು. ಹಾಗಾಗಿ ಈಗಲಾದರೆ ಒಂದು ಬನ್ಸ್, ಮುಂದಿನ ವಾರವಾದರೆ ಎರಡು ಅಂದೆ. ಬೆಳಗಿನಿಂದ ಹಸಿದ ಮಕ್ಕಳು, ಕಾಯುವುದುಂಟೇ? ಒಬ್ಬಳು ತಿನ್ನುತ್ತಾ ಹೇಳಿದಳು: "ಮುಂದಿನ ವಾರ ನೀವು ಮರೆತರೆ?" ಅವಳನ್ನು ಬೈಯುವ ಹಾಗಿಲ್ಲ. ಕಾದು ಕುಳಿತಿದ್ದ ಇಬ್ಬರಿಗೆ ಕೊಡಬೇಕಾದ ಬನ್ಸ್ ನಾನು ನಿಜವಾಗಿ ಮರೆತೆ.

ಆದರೆ ನಾನು ಬಿಡಲೇಬಾರದು ಅಂದುಕೊಂಡಿರುವುದು ಬೈಬಲಿನ ಸಂಖ್ಯಾಕಾಂಡದ 27ನೇ ಅಧ್ಯಾಯ. ಚಲ್ಪಹಾದನಿಗೆ ಗಂಡು ಮಕ್ಕಳಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಅಂತ ಐದು ಹೆಣ್ಣು ಮಕ್ಕಳು. ಎಲ್ಲರೆದುರು ನಿಂತು, ಗಂಡು ಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಯಬೇಕು, ನಮಗೆ ಪಾಲು ಕೊಡಿ ಅಂತ ಇಸ್ರಯೇಲರ ನಾಯಕ ಮೋಶೆಯನ್ನು ಕೇಳುತ್ತಾರೆ. ಅವರು ಕೇಳುವುದು ಸರಿ ಅನ್ನುತ್ತಾರೆ ದೇವರು. ಇದನ್ನು ಪಂಚಾಯ್ತಿ ಆಟ ಮಾಡಿದೆವು. ಐದು ಹುಡುಗಿಯರು ವಾದ ಮಾಡಿದರು, ಉಳಿದವರು ಹಿರಿಯರು. ಆಟ ಮುಗಿದ ಮೇಲೆ ಹಿರಿಯನಾಗಿದ್ದ ಹುಡುಗನೊಬ್ಬ ಕೇಳಿದ, "ಅವರಿಗೆ ಅಣ್ಣ ಇದ್ದಿದ್ದರೆ?"

ಸಿಗುತ್ತಿರಲಿಲ್ಲ ಅಂದೆ. ಸುಳ್ಳು ಹೇಳಲಾಗುತ್ತದೆಯೇ? 36ನೇ ಅಧ್ಯಾಯದಲ್ಲಿ ಇನ್ನೊಂದು ಷರತ್ತೂ ಇದೆ, ತಮ್ಮ ಕುಲದವರನ್ನೇ ಮದುವೆಯಾಗಬೇಕು ಅಂತ. ಅದನ್ನೂ ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅತ್ತೆ ಹತ್ರಾನೂ ಸಹಿ ಹಾಕಿಸ್ಕೊಂಡ್ರು" ಅಂದ.

ಅವತ್ತು ಸಂಜೆಯೇ ಫೋನ್ ಬಂತು. "ಮಕ್ಕಳಿಗೆ ಇದೆಲ್ಲ ಯಾಕೆ ಟೀಚರ್?" ಯಾಕೆ ಅಂದರೆ, ಮಕ್ಕಳು ಆಗಲೇ ಎಲ್ಲ ಕೇಳಿಸಿಕೊಂಡಿರುತ್ತಾರೆ. ನಾವು ಒಳಗಿನ ಕೋಣೆಯಲ್ಲಿ ಪಹಣಿ ಹರಡಿಕೊಂಡು ಮಾತಾಡಿದರೆ ಅವರ ಕಿವಿಗೆ ಬೀಳುವುದಿಲ್ಲವೇ? ಕ್ರೈಸ್ತರು ವಿಲ್ ಬರೆಯದೆ ತೀರಿಕೊಂಡರೆ 1925ರ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗನಿಗೂ ಮಗಳಿಗೂ ಸಮಪಾಲು. ಪುಸ್ತಕದಲ್ಲಿ ಇರುವ ಕಾನೂನು ಮನೆಯಲ್ಲಿ ಇರುವುದಿಲ್ಲ, ಅದು ಬೇರೆ ಮಾತು. ಫೋನಿನಲ್ಲಿ ಇಷ್ಟೆಲ್ಲ ಹೇಳಲಿಲ್ಲ ನಾನು. ಆ ಆಟ ಮುಂದಿನ ವರ್ಷವೂ ಇರುತ್ತದೆ ಅಂದೆ ಅಷ್ಟೇ.

ಈ ಭಾನುವಾರದ ಪಾಠ, ಬೈಬಲಿನಲ್ಲಿ ಲೂಕನ ಶುಭಸಂದೇಶದ 12ನೇ ಅಧ್ಯಾಯ. ಗುಂಪಿನಲ್ಲಿದ್ದ ಒಬ್ಬ ಯೇಸುವಿಗೆ, ನನ್ನ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳಿ ಅನ್ನುತ್ತಾನೆ. ನಿಮ್ಮ ಆಸ್ತಿ ಪಾಲು ಮಾಡಲು ನನ್ನನ್ನು ನೇಮಿಸಿದವರು ಯಾರಪ್ಪಾ ಅಂತ ಯೇಸು ತಿರುಗಿ ಕೇಳುತ್ತಾರೆ. ಇದಕ್ಕೆ ಯಾವ ಆಟ ಇಡುವುದು ಅಂತ ನನಗಿನ್ನೂ ಹೊಳೆದಿಲ್ಲ. ನಿಮಗೆ ಹೊಳೆದರೆ ಹೇಳಿ. ಕುರ್ಚಿ ಮಾತ್ರ ಬೇಡ.