ಜಪಾನಿನ ಹೆಸರುಗಳಿಗೆ ಸರ್ಕಾರದ ಮೂಗುದಾರ

ನಮಸ್ಕಾರ. 2025ರ ಮೇ 26ರಿಂದ ಜಪಾನಿನಲ್ಲಿ ಒಂದು ಹೊಸ ನಿಯಮ ಬಂದಿದೆ. ಕೊಸೆಕಿ ಅನ್ನುವ ಕುಟುಂಬದ ದಾಖಲೆಯಲ್ಲಿ ಮಗುವಿನ ಹೆಸರಿನ ಜೊತೆಗೆ, ಅದನ್ನು ಹೇಗೆ ಓದಬೇಕು ಅನ್ನುವುದನ್ನೂ ಬರೆಸಬೇಕು. ಆ ಓದು ಸಾಮಾನ್ಯ ಜನ ಒಪ್ಪುವಂತಿರಬೇಕು. ಇಷ್ಟು ದಿನ ಅಲ್ಲಿ ಬರೀ ಅಕ್ಷರ ಇರುತ್ತಿತ್ತು, ಓದು ಇರುತ್ತಿರಲಿಲ್ಲ!

ಬರೆದದ್ದನ್ನೇ ಓದುವ ನಮಗೆ ಇದು ವಿಚಿತ್ರ ಅನಿಸುತ್ತದೆ ಅಲ್ವಾ? ಅಲ್ಲಿನ ಕಾಂಜಿ, ಅಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥವಿರುವ ಅಕ್ಷರಗಳ ಕಥೆಯೇ ಬೇರೆ. ಒಂದೇ ಅಕ್ಷರವನ್ನು ಹಲವು ರೀತಿ ಓದಬಹುದು, ಒಂದೇ ಹೆಸರನ್ನು ಹಲವು ರೀತಿ ಬರೆಯಬಹುದು. ಯುಕಿ ಅಂತ ಕರೆದರೆ ಅದು ಹಿಮ ಇರಬಹುದು, ಸುಖ ಇರಬಹುದು. ಹುಡುಗನೋ ಹುಡುಗಿಯೋ ಅಂತ ಅಂದಾಜು ಮಾಡುವುದಕ್ಕೂ ಬರೆದು ತೋರಿಸಬೇಕು.

ಈಗ ಕೆಲವು ಅಪ್ಪ-ಅಮ್ಮಂದಿರು ಬೆಳಕು, ಆಕಾಶ ಅಂತ ಬರೆದು ಪಿಕಾಚು ಅಂತ, ಅಂದರೆ ಕಾರ್ಟೂನಿನ ಪಾತ್ರದ ಹೆಸರಾಗಿ ಓದಿಸುತ್ತಾರೆ ಅನ್ನುವ ದೂರಿದೆ. ಇಂಥವಕ್ಕೆ 'ಕಿರಾಕಿರಾ' ಹೆಸರು, ಅಂದರೆ ಮಿನುಗುವ ಹೆಸರು ಅನ್ನುತ್ತಾರೆ. ಸಂಪ್ರದಾಯ ಹಾಳಾಯಿತು ಅಂತ ದೊಡ್ಡವರ ಗೋಳು.

ಯಾವ ಸಂಪ್ರದಾಯ ಸ್ವಾಮಿ? ಹೆಣ್ಣು ಹೆಸರು ಅಂದರೆ ಕೊನೆಯಲ್ಲಿ 'ಕೊ' ಇರಬೇಕು, ಯೊಶಿಕೊ, ಕಾಜುಕೊ ಅಂತ ನಾವೂ ಕೇಳಿದ್ದೇವೆ. ಆದರೆ 607ರಲ್ಲಿ ಚೀನಾಕ್ಕೆ ರಾಯಭಾರಿಯಾಗಿ ಹೋದವನ ಹೆಸರು ಓನೊ ನೊ ಇಮೊಕೊ. ಗಂಡಸು! ಅವನ ಹೆಸರಿನ ಮೊದಲ ಅಕ್ಷರದ ಅರ್ಥ ತಂಗಿ. ಆಮೇಲೆ 'ಕೊ' ದೊಡ್ಡ ಮನೆತನದ ಹೆಂಗಸರ ಸೊತ್ತಾಯಿತು. ಮೇಜಿ ಕಾಲದ (1868–1912) ನಂತರ ಬಡವರ ಮನೆಗೂ ಬಂತು. ಅಲ್ಲಿಯವರೆಗೆ ಸಾಮಾನ್ಯ ಹೆಂಗಸರು ಉಮೆ, ಮಾತ್ಸು ಅಂತ ಎರಡಕ್ಷರದಲ್ಲೇ ಬದುಕಿದ್ದರು. ಈಗ ಮತ್ತೆ 'ಕೊ' ಹಳೆಯ ಕಾಲದ್ದು ಅನಿಸುತ್ತಿದೆ. ಅರಮನೆ ಮಾತ್ರ ಬಿಟ್ಟಿಲ್ಲ. ಅಲ್ಲಿ ಹುಡುಗಿಯರು ಐಕೊ, ಕಾಕೊ. ಹುಡುಗರು ನಾರುಹಿತೊ, ಹಿಸಾಹಿತೊ. ಅತ್ತ ಆಓಯಿ, ಹಿಕಾರು, ಮಾಕೊತೊ ಇಂಥವನ್ನು ಯಾರಿಗೆ ಬೇಕಾದರೂ ಇಡಬಹುದು.

ಗೋಳಾದರೂ ಹೊಸದಾ? ಅದೂ ಅಲ್ಲ. ಕಂಡರಿಯದ ಅಕ್ಷರ ಹುಡುಕಿ ಹೆಸರಿಡುವುದು ದಂಡ ಅಂತ ಯೊಶಿದಾ ಕೆಂಕೊ ಅನ್ನುವ ಸನ್ಯಾಸಿ 14ನೇ ಶತಮಾನದಲ್ಲೇ ಗೊಣಗಿದ್ದ. ಜರ್ಮನಿಯಲ್ಲಿ ಓದಿ ಬಂದ ವೈದ್ಯ, ಸಾಹಿತಿ ಮೊರಿ ಓಗಾಯ್ ಮಕ್ಕಳಿಗೆ ಓತೊ, ಮಾರಿ, ಅನ್ನು, ರುಯಿ ಅಂತ ಹೆಸರಿಟ್ಟ. ಯುರೋಪಿನ ಒಟ್ಟೊ, ಮೇರಿ, ಆನ್, ಲೂಯಿ ಕಾಂಜಿ ತೊಟ್ಟು ಬಂದಿದ್ದರು ಅಷ್ಟೆ. ಇವತ್ತು ಹಾಗೆ ಮಾಡಿದ್ದರೆ ಅವನಿಗೂ ಕಿರಾಕಿರಾ ಅಂತ ಬೈಗುಳ ಬೀಳುತ್ತಿತ್ತು.

ಓದನ್ನು ಬರೆಸುವುದು ಸರಿ. ಕಂಪ್ಯೂಟರಿನಲ್ಲಿ ಹುಡುಕಲು, ಆಸ್ಪತ್ರೆಯಲ್ಲಿ ಕರೆಯಲು ಅದು ಬೇಕು. ಆದರೆ ಯಾವ ಓದು ಒಪ್ಪುವಂಥದ್ದು ಅಂತ ಕಚೇರಿಯ ಗುಮಾಸ್ತ ಹೇಳಬೇಕಾ? ಹೃದಯ (ಕೊಕೊರೊ), ಪ್ರೀತಿ (ಆಯಿ) ಅಂತ ಬರೆದು, ಎರಡನ್ನೂ ಅರ್ಧಕ್ಕೆ ಕತ್ತರಿಸಿ ಕೊಕೊಆ ಅಂತ ಓದಿದರೆ ನಡೆಯುತ್ತದೆ. ಎತ್ತರ ಅಂತ ಬರೆದು ತಗ್ಗು ಅನ್ನುವ ಅರ್ಥದ ಹಿಕುಶಿ ಅಂತ ಓದಿದರೆ ನಡೆಯುವುದಿಲ್ಲ. ಇವೆರಡು ಸುಲಭ. ನಡುವೆ ಇರುವುದೇ ಜಾಸ್ತಿ.

ಮಗುವಿಗೆ ಹಾನಿ ಆಗುವ ಹೆಸರಿಗೆ ತಡೆ ಬೇಕು, ಅದರಲ್ಲಿ ಎರಡು ಮಾತಿಲ್ಲ. 1993ರಲ್ಲಿ ತೋಕ್ಯೊದ ಆಕಿಶಿಮಾದಲ್ಲಿ ಒಂದು ಮಗುವಿಗೆ ಆಕುಮಾ, ಅಂದರೆ ದೆವ್ವ ಅಂತ ಹೆಸರಿಡಲು ಹೊರಟರು. ಅಕ್ಷರ ಎರಡೂ ಕಾನೂನು ಒಪ್ಪಿದವೇ. ಓದಿನಲ್ಲೂ ತಪ್ಪಿರಲಿಲ್ಲ. ವಿಷಯ ಕೋರ್ಟಿಗೆ ಹೋಯಿತು, ಕೊನೆಗೆ ಅಪ್ಪ-ಅಮ್ಮ ಬೇರೆ ಹೆಸರು ಕೊಟ್ಟರು. ಅಂದರೆ ಅಲ್ಲಿ ಕೆಟ್ಟದ್ದಿದ್ದದ್ದು ಅರ್ಥದಲ್ಲಿ. ಓದಲು ಕಷ್ಟವಾಗುವ ಹೆಸರಿನಿಂದ ಮೇಷ್ಟರಿಗೆ ಹಾಜರಿ ಕರೆಯುವಾಗ ಸ್ವಲ್ಪ ತಡವರಿಕೆ, ಅಷ್ಟೆ. 15 ತುಂಬಿದವರು ಹೆಸರು ಬದಲಿಸಲು ಕೌಟುಂಬಿಕ ನ್ಯಾಯಾಲಯಕ್ಕೆ ತಾವೇ ಅರ್ಜಿ ಹಾಕಬಹುದು. ಆದರೆ ಅಲ್ಲಿ ಗಟ್ಟಿ ಕಾರಣ ಕೊಡಬೇಕು. ಸರ್ಕಾರ ಮೊದಲು ಆ ದಾರಿಯನ್ನು ಸಲೀಸು ಮಾಡಲಿ.