ನೌಕರಿ ಹತ್ತಿದ ಮೇಲೆ

(ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಮತ್ತು ಅವರ ಪಾಲಕರ ಮುಂದೆ ನೀಡಿದ ಉಪನ್ಯಾಸದ ಪಠ್ಯ)

ಮಾನ್ಯ ಪ್ರಾಚಾರ್ಯರೆ, ಸಹೋದ್ಯೋಗಿಗಳೆ, ಬೆಳಗಿನ ಬಸ್ಸಿಗೇ ಊರು ಬಿಟ್ಟು ಬಂದು ಕುಳಿತಿರುವ ಪಾಲಕರೆ ಮತ್ತು ಪ್ರಿಯ ವಿದ್ಯಾರ್ಥಿಗಳೆ,

ಮದುವೆ ಮನೆಯಲ್ಲಾಗಲಿ ಜಾತ್ರೆಯಲ್ಲಾಗಲಿ, ಪದವಿ ಮುಗಿಸಿದ ಹುಡುಗನ ತಂದೆ ಎದುರಾದರೆ ನಮ್ಮ ಕಡೆ ಮೊದಲು ಕೇಳುವ ಮಾತು ಒಂದೇ: "ನಿಮ್ಮ ಹುಡುಗಗ ನೌಕರಿ ಹತ್ಯಾದೇನ್ರೀ?" ಈ 'ಹತ್ತು' ಎಂಬ ಕ್ರಿಯಾಪದವನ್ನು ಸ್ವಲ್ಪ ಗಮನಿಸಿ. ಬಸ್ಸು ಹತ್ತುತ್ತೇವೆ, ಮೆಟ್ಟಿಲು ಹತ್ತುತ್ತೇವೆ. ಬೆಂಕಿ ತಾನಾಗಿ ಹತ್ತುತ್ತದೆ, ನಿದ್ದೆ ತಾನಾಗಿ ಹತ್ತುತ್ತದೆ. ನೌಕರಿ ಈ ಎರಡನೆಯ ಗುಂಪಿಗೆ ಸೇರಿದ್ದು. ಅದು ಬಂದು ನಮಗೆ ಹತ್ತಬೇಕು. ಹತ್ತಿತು ಎಂದ ಕೂಡಲೆ ಪೇಡೆ ಹಂಚುತ್ತೇವೆ, ಕನ್ಯೆ ನೋಡಲು ಶುರು ಮಾಡುತ್ತೇವೆ. ಹತ್ತಿದ ಮೇಲೆ ಆ ಹುಡುಗ ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಕುಳಿತು ಏನು ಮಾಡುತ್ತಾನೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಇಂದಿನ ಮಾತು ಆ ಕೇಳದೆ ಬಿಟ್ಟ ಪ್ರಶ್ನೆಯ ಕುರಿತದ್ದು.

ಪ್ರತಿ ವರ್ಷ ಅಂತಿಮ ವರ್ಷದವರ ಮೊದಲ ತರಗತಿಯಲ್ಲಿ ನಾನು ಒಂದು ಚೀಟಿ ಕೊಡುತ್ತೇನೆ. ಮೇಲಿನ ಸಾಲಿನಲ್ಲಿ ನಿಮ್ಮ ಕನಸಿನ ಕೆಲಸವನ್ನು ಬರೆಯಿರಿ. ಕೆಳಗಿನ ಸಾಲಿನಲ್ಲಿ ಆ ಕೆಲಸದಲ್ಲಿರುವವರು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಏನು ಮಾಡುತ್ತಿರುತ್ತಾರೆ ಎಂದು ಬರೆಯಿರಿ. ಮೇಲಿನ ಸಾಲು ಕ್ಷಣದಲ್ಲಿ ತುಂಬುತ್ತದೆ. ಕೆಳಗಿನ ಸಾಲಿಗೆ ಬಂದಾಗ ಪೆನ್ನಿನ ಮುಚ್ಚಳ ಕಚ್ಚುವ ಸದ್ದು ಕೇಳುತ್ತದೆ. ಒಂದು ವರ್ಷ ಒಬ್ಬ ವಿದ್ಯಾರ್ಥಿನಿ 'ಜಿಲ್ಲಾಧಿಕಾರಿ' ಎಂದು ಬರೆದು, ಕೆಳಗೆ 'ಸಹಿ ಮಾಡುತ್ತಿರುತ್ತಾರೆ' ಎಂದು ಬರೆದಿದ್ದಳು. ಅಷ್ಟರಮಟ್ಟಿಗೆ ಅವಳ ಉತ್ತರ ಸರಿಯಾಗಿಯೇ ಇತ್ತು.

ನನ್ನದೇ ಚೀಟಿಯ ಕಥೆಯನ್ನು ಮೊದಲು ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ಬಾನುಲಿ ಉದ್ಘೋಷಕನಾಗಬೇಕೆಂಬುದು ನನ್ನ ಹಂಬಲವಾಗಿತ್ತು. ಧ್ವನಿ ಚೆನ್ನಾಗಿದೆ ಎಂದು ನಾಲ್ಕು ಮಂದಿ ಹೇಳಿದ್ದರು, ನಾನೂ ನಂಬಿದ್ದೆ. ಒಂದು ಕೇಂದ್ರದಲ್ಲಿ ಹಂಗಾಮಿಯಾಗಿ ತಿಂಗಳಿಗೆ ಕೆಲವು ದಿನಗಳ ಅವಕಾಶವೂ ಸಿಕ್ಕಿತು. ಬೆಳಗಿನ ಪ್ರಸಾರವಿದ್ದರೆ ನಾಲ್ಕಕ್ಕೆ ಎದ್ದು, ಗಾಜಿನ ಕೋಣೆಯಲ್ಲಿ ಒಬ್ಬನೇ ಕುಳಿತು, ಧ್ವನಿಸುರುಳಿಗಳನ್ನು ಕ್ರಮವಾಗಿ ಜೋಡಿಸಿಕೊಂಡು, ಗಡಿಯಾರದ ಸೆಕೆಂಡಿನ ಮುಳ್ಳನ್ನೇ ನೋಡುತ್ತಿರಬೇಕು. ಪ್ರತಿ ಕಾರ್ಯಕ್ರಮ ಎಷ್ಟಕ್ಕೆ ಆರಂಭವಾಯಿತು, ಎಷ್ಟಕ್ಕೆ ಮುಗಿಯಿತು ಎಂದು ಪುಸ್ತಕದಲ್ಲಿ ನಮೂದಿಸಬೇಕು. ನಾನು ಮಾತನಾಡುತ್ತಿದ್ದುದು ಎಲ್ಲ ಸೇರಿ ಹತ್ತು ನಿಮಿಷ. ಉಳಿದದ್ದೆಲ್ಲ ಮೌನ, ಮುಳ್ಳು ಮತ್ತು ನಮೂದು. ನನಗೆ ಬೇಕಾಗಿದ್ದುದು ಆ ಹತ್ತು ನಿಮಿಷ ಮಾತ್ರ ಎಂದು ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ನನ್ನ ಜೊತೆಗಿದ್ದ ಇನ್ನೊಬ್ಬರಿಗೆ ಆ ಮೌನವೇ ಪ್ರಿಯವಾಗಿತ್ತು. ಒಳ್ಳೆಯ ಉದ್ಘೋಷಕರಾದವರು ಅವರು.

ಈಗ ನಮ್ಮ ಭಾಗದ ಬಹುಪಾಲು ಚೀಟಿಗಳಲ್ಲಿ ಕಾಣುವ ಕೆಲಸಕ್ಕೆ, ಅಂದರೆ ಸರ್ಕಾರಿ ಅಧಿಕಾರಿಯ ಹುದ್ದೆಗೆ ಬರೋಣ. 2022ರ ನಾಗರಿಕ ಸೇವಾ ಪರೀಕ್ಷೆಗೆ ದೇಶದಾದ್ಯಂತ 11,35,697 ಮಂದಿ ಅರ್ಜಿ ಹಾಕಿದ್ದರು. ಪೂರ್ವಭಾವಿ ಪರೀಕ್ಷೆ ಬರೆದವರು 5,73,735. ಕೊನೆಗೆ ಆಯ್ಕೆಯಾದವರು 933. ಪರೀಕ್ಷೆಗೆ ಕುಳಿತ ಸುಮಾರು ಆರುನೂರು ಜನರಲ್ಲಿ ಒಬ್ಬರು ಎಂದಾಯಿತು. ಈ ಅಂಕಿಯನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ. ಸಾಮಾನ್ಯ ವರ್ಗದವರಿಗೆ 32ನೆಯ ವಯಸ್ಸಿನವರೆಗೆ ಆರು ಪ್ರಯತ್ನಗಳಿಗೆ ಅವಕಾಶವಿದೆ, ಹಿಂದುಳಿದ ವರ್ಗದವರಿಗೆ 35ರವರೆಗೆ ಒಂಬತ್ತು. ಕಾನೂನು ಕೊಟ್ಟ ಈ ಅವಕಾಶವನ್ನೆಲ್ಲ ಬಳಸಿ ಮುಗಿಸಲೇಬೇಕೆಂದು ತಿಳಿದು ಗ್ರಂಥಾಲಯದ ಅದೇ ಕುರ್ಚಿಯಲ್ಲಿ ಹತ್ತು ವರ್ಷ ಸವೆಸಿದವರನ್ನು ನಾನು ಈ ಊರಿನಲ್ಲಿಯೇ ಕಂಡಿದ್ದೇನೆ. ಓದಲು ಕೂಡುವ ದಿನವೇ ಏಳುವ ದಿನವನ್ನೂ ಗೋಡೆಯ ಮೇಲೆ ಬರೆದಿಡಿ, ಮತ್ತು ಅದನ್ನು ತಂದೆತಾಯಿಗೂ ಹೇಳಿ.

ಆದರೆ ನನ್ನ ಪ್ರಶ್ನೆ ಹತ್ತುವುದರ ಕುರಿತದ್ದಲ್ಲ. ಹತ್ತಿದವರ ದಿನ ಹೇಗಿರುತ್ತದೆ? ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ರಾಜ್ಯ ಮಟ್ಟದ ಪರೀಕ್ಷೆ ಬರೆದು ಈಗ ತಹಶೀಲ್ದಾರರು. ಅವರ ಅನುಮತಿ ಪಡೆದು ಒಂದು ದಿನ ಅವರ ಕೊಠಡಿಯ ಮೂಲೆಯಲ್ಲಿ ಕುಳಿತಿದ್ದೆ. ಬೆಳಿಗ್ಗೆ ಬಂದ ಮೊದಲ ಅಜ್ಜನಿಗೆ ಪಹಣಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಶರಣಪ್ಪನೂ ಶರಣಬಸಪ್ಪನೂ ಒಬ್ಬನೇ ಎಂದು ಊರಿಗೆಲ್ಲ ಗೊತ್ತಿದ್ದರೂ ಕಂಪ್ಯೂಟರಿಗೆ ಗೊತ್ತಿಲ್ಲ, ಹಾಗಾಗಿ ಬೆಳೆ ಪರಿಹಾರದ ಹಣ ಬಂದಿಲ್ಲ. ಅದರ ಹಿಂದೆ ಹೊಲದ ದಾರಿಗಾಗಿ ಜಗಳವಾಡಿಕೊಂಡು ಬಂದ ಅಣ್ಣತಮ್ಮಂದಿರು. ನಡುವೆ ವಿಡಿಯೊ ಸಭೆ, ಮೇಲಿನವರಿಗೆ ತುರ್ತು ವರದಿ. ಮೂರು ಗಂಟೆಗೆ, ಅಂದರೆ ನನ್ನ ಚೀಟಿಯ ಹೊತ್ತಿಗೆ, ಪೊಲೀಸ್ ಠಾಣೆಯಿಂದ ಕರೆ ಬಂತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಅಸಹಜವಾಗಿ ತೀರಿಕೊಂಡರೆ ಶವಪಂಚನಾಮೆಯನ್ನು ತಾಲ್ಲೂಕು ದಂಡಾಧಿಕಾರಿಯಾಗಿ ತಹಶೀಲ್ದಾರರು ಮಾಡಬೇಕಾಗುತ್ತದೆ. ನಾನು ಜೊತೆಗೆ ಹೋಗಲಿಲ್ಲ. ಏಳು ಗಂಟೆಗೆ ಅವರು ಹಿಂದಿರುಗಿದಾಗ ನಾನಿನ್ನೂ ಅಲ್ಲೇ ಇದ್ದೆ. ಕೈ ತೊಳೆದುಕೊಂಡು ಬಂದು ಕುರ್ಚಿಯಲ್ಲಿ ಕುಳಿತು, "ಸರ, ತಯಾರಿ ಮಾಡುವಾಗ ಇದನ್ನ ಯಾರೂ ಹೇಳಿರ್ಲಿಲ್ಲ" ಎಂದರು. ಸ್ವಲ್ಪ ಹೊತ್ತಿನ ಬಳಿಕ, ಆ ಹುಡುಗಿಯ ತಾಯಿಯ ಹೇಳಿಕೆಯನ್ನು ಒಬ್ಬ ಹೆಣ್ಣುಮಗಳಾಗಿ ತಾವೇ ಬರೆದುಕೊಂಡದ್ದು ಒಳ್ಳೆಯದಾಯಿತು ಎಂದೂ ಹೇಳಿದರು. ಕೆಲಸ ಬಿಡುತ್ತೀರಾ ಎಂದು ಕೇಳಿದರೆ ಅವರು ಇಲ್ಲ ಎನ್ನುತ್ತಾರೆ. ಆದರೆ ಅವರು ಬಿಡದೆ ಹಿಡಿದುಕೊಂಡಿರುವುದು ಸರ್ಕಾರಿ ಕಾರನ್ನಲ್ಲ. ಆ ಅಜ್ಜನ ಪಹಣಿಯನ್ನು.

ಇಲ್ಲಿ ಒಂದು ಮಾತನ್ನು ಎಚ್ಚರಿಕೆಯಿಂದ ಆಡಬೇಕು. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದು, ನಮ್ಮ ಭಾಗದ ಹುದ್ದೆಗಳಲ್ಲಿಯೂ ಕಾಲೇಜು ಸೀಟುಗಳಲ್ಲಿಯೂ ಸ್ಥಳೀಯರಿಗೆ ಮೀಸಲಾತಿ ತಂದಿತು. ದಶಕಗಳ ಹೋರಾಟದ ಫಲವದು. ಅದರಿಂದ ಸಾವಿರಾರು ಮನೆಗಳಲ್ಲಿ ಒಲೆ ಹೊತ್ತಿದೆ, ಅದರ ಮಹತ್ವವನ್ನು ನಾನು ಒಂದು ಎಳೆಯಷ್ಟೂ ಕಡಿಮೆ ಮಾಡುವುದಿಲ್ಲ. ಆದರೆ ಅದು ಬಂದ ಮೇಲೆ ನಮ್ಮ ಮನೆಗಳಲ್ಲಿ 'ನೌಕರಿ' ಎಂಬ ಶಬ್ದದ ಅರ್ಥ ಇನ್ನಷ್ಟು ಕಿರಿದಾಯಿತು ಎಂಬುದು ನನ್ನ ಅಭಿಪ್ರಾಯ. "ಎಲ್ಲಿ ಅದಾನ?" ಎಂದರೆ "ಪ್ರೈವೇಟಿನಾಗ" ಎಂದು ಹೇಳಿ ತಂದೆ ಮಾತು ಬದಲಿಸುತ್ತಾನೆ, ಮಗ ಯಾವುದೋ ತಪ್ಪು ಮಾಡಿದವನಂತೆ.

ಉಳಿದ ಜನಪ್ರಿಯ ಕನಸುಗಳನ್ನು ಬೇಗ ದಾಟುತ್ತೇನೆ, ಏಕೆಂದರೆ ಅವುಗಳ ಕುರಿತು ನಿಮಗೆ ಹೇಳುವವರು ಬಹಳ ಇದ್ದಾರೆ. ವೈದ್ಯಕೀಯ ಪದವಿ ತರಬೇತಿಯೂ ಸೇರಿ ಐದೂವರೆ ವರ್ಷ, ಸ್ನಾತಕೋತ್ತರಕ್ಕೆ ಮತ್ತೆ ಮೂರು. ನಿಮ್ಮ ಓರಗೆಯವರು ಮನೆ ಕಟ್ಟಿಸುವ ಹೊತ್ತಿಗೆ ನೀವು ರಾತ್ರಿ ಪಾಳಿಯಲ್ಲಿ ರಕ್ತದ ಮಾದರಿ ಹಿಡಿದು ಓಡುತ್ತಿರುತ್ತೀರಿ. ಸಾಫ್ಟ್‌ವೇರಿನಲ್ಲಿ ಹೊಸದನ್ನು ಕಟ್ಟುವುದಕ್ಕಿಂತ ಹೆಚ್ಚಿನ ಸಮಯ ಯಾರೋ ಬರೆದು ಬಿಟ್ಟುಹೋದ ಹಳೆಯದನ್ನು ಓದಿ ರಿಪೇರಿ ಮಾಡುವುದರಲ್ಲಿ ಹೋಗುತ್ತದೆ. ನಮ್ಮ ಊರಿನಲ್ಲಿ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು 2013ರಲ್ಲಿ ಅದು ಕಾಯಂ ಆದ ಮೇಲೆ ಕಪ್ಪು ಕೋಟಿನ ಆಸೆ ಬಹಳ ಮಂದಿಗೆ ಹುಟ್ಟಿದೆ. ಆದರೆ ಕಿರಿಯ ವಕೀಲರ ಮೊದಲ ವರ್ಷಗಳು ವಾದ ಮಾಡುವುದರಲ್ಲಲ್ಲ, ಹಿರಿಯರ ಕಡತ ಹೊತ್ತು ತಾರೀಖು ತೆಗೆದುಕೊಳ್ಳುವುದರಲ್ಲಿ ಕಳೆಯುತ್ತವೆ. ಬೀದರ್ ಕಡೆಯ ಮಕ್ಕಳು, 1996ರಲ್ಲಿ ಅಲ್ಲಿನ ವಾಯುನೆಲೆಯಲ್ಲಿ ರೂಪುಗೊಂಡ ಸೂರ್ಯಕಿರಣ ತಂಡದ ವಿಮಾನಗಳನ್ನು ತಲೆಯೆತ್ತಿ ನೋಡುತ್ತಾ ಬೆಳೆದವರು. ಅವರಿಗೆ ನಾನು ಹೇಳುವುದಿಷ್ಟು: ಹಾರಾಟಕ್ಕೆ ಮೊದಲು ಒಂದು ಸಭೆ, ಇಳಿದ ಮೇಲೆ ಇನ್ನೊಂದು ಸಭೆ, ಆ ಎರಡನೆಯದರಲ್ಲಿ ನಿಮ್ಮ ಪ್ರತಿ ತಪ್ಪನ್ನು ಎಲ್ಲರೆದುರು ಬಿಡಿಸಿ ಹೇಳುತ್ತಾರೆ. ಅದನ್ನು ಮುಖ ಸಣ್ಣ ಮಾಡದೆ ಕೇಳಬಲ್ಲವನು ಪೈಲಟ್ ಆಗುತ್ತಾನೆ.

ಬೀದರ್ ಎಂದಾಗ ಯಾರ ಚೀಟಿಯಲ್ಲಿಯೂ ಇದುವರೆಗೆ ಕಾಣದ ಒಂದು ಕೆಲಸವನ್ನು ಹೇಳಲೇಬೇಕು. ಬಿದ್ರಿ ಕಲೆಯ ಹಿರಿಯರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಪತ್ರಿಕೆಗಳ ಮುಖಪುಟ ನೋಡಿ ಹೆಮ್ಮೆಪಟ್ಟೆವು. ಅದಾದ ಮೇಲೆ ನಾನು ಬೀದರ್‌ನ ಒಂದು ಸಣ್ಣ ಕಾರ್ಖಾನೆಯಲ್ಲಿ ಇಡೀ ಮಧ್ಯಾಹ್ನ ಕುಳಿತೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಎರಕದ ಪಾತ್ರೆ ಒರಟಾಗಿರುತ್ತದೆ, ಅದನ್ನು ಅರದಿಂದ ಉಜ್ಜಿ ನುಣುಪು ಮಾಡಬೇಕು. ನಾನು ಕಂಡ ಹುಡುಗ ಊಟವಾದ ಮೇಲೆ ಎರಡು ತಾಸು ಒಂದೇ ಹೂದಾನಿಯನ್ನು ಉಜ್ಜುತ್ತಲೇ ಇದ್ದ. ಆ ಬಳಿಕ ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ, ಅದರ ಮೇಲೆ ಉಳಿಯಿಂದ ನೇರವಾಗಿ ಬಳ್ಳಿ ಕೆತ್ತುತ್ತಾರೆ; ಕೈ ಜಾರಿದರೆ ಅಳಿಸುವಂತಿಲ್ಲ. ಗೀರಿನೊಳಗೆ ಬೆಳ್ಳಿಯ ತಂತಿಯನ್ನು ಕೂರಿಸಿ ಬಡಿದು, ಮತ್ತೆ ಉಜ್ಜಿ, ಕಾಯಿಸಿ, ಕಡೆಗೆ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರವನ್ನು ಕಲಸಿ ಸವರುತ್ತಾರೆ. ಆಗ ಲೋಹ ಕಗ್ಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಣ್ಣು ಸರಿಯಾದದ್ದೇ ಎಂದು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ. ಆ ಕಪ್ಪು ಬಿಳುಪು ಬೇರ್ಪಡುವ ಗಳಿಗೆ ಒಂದು ನಿಮಿಷದ್ದು. ಎಲ್ಲ ಫೋಟೊಗಳಿರುವುದು ಆ ನಿಮಿಷದವು. ಅರ ಹಿಡಿದ ಹುಡುಗನಿಗೆ ದಿನಕ್ಕೆ ಎಷ್ಟು ಸಿಗುತ್ತದೆ ಎಂದು ಕೇಳಿದೆ. ಅವನು ಹೇಳಿದ ಮೊತ್ತ ಕೇಳಿ, ಕಲೆಯ ಕುರಿತು ನಾನು ಆಡಲಿದ್ದ ಒಳ್ಳೆಯ ಮಾತುಗಳನ್ನು ನುಂಗಿಕೊಂಡೆ.

ಇದೇ ಕಾರಣಕ್ಕೆ, ಬಸವಣ್ಣನವರ ನಾಡಿನಲ್ಲಿ ನಿಂತು ಕಾಯಕದ ಮಾತನ್ನು ಅಗ್ಗವಾಗಿ ಆಡಲು ನನಗೆ ಸಂಕೋಚ. ಕಾಯಕವೇ ಕೈಲಾಸ ಎಂಬ ಫಲಕವನ್ನು, ಸಂಬಳವನ್ನು ತಿಂಗಳುಗಟ್ಟಲೆ ತಡಮಾಡುವ ಸಂಸ್ಥೆಗಳ ಗೋಡೆಯ ಮೇಲೆಯೂ ನೋಡಿದ್ದೇನೆ. ಶರಣರು ದುಡಿಮೆಯ ಜೊತೆಗೆ ಲೆಕ್ಕವನ್ನೂ ನೋಡಿದವರು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಿರುಗಿಸಲು ಕಳಿಸಿದಳು ಎಂಬ ಕಥೆ ನಿಮಗೆಲ್ಲ ಗೊತ್ತು. ನಮ್ಮ ಮನೆಗೆ ಎಷ್ಟು ಸಾಕು ಎಂಬುದು ಅವಳಿಗೆ ಸೇರಿನ ಲೆಕ್ಕದಲ್ಲಿ ತಿಳಿದಿತ್ತು. ಕನಸಿನ ಕೆಲಸದ ಚೀಟಿಯಲ್ಲಿ ಆ ಲೆಕ್ಕವೂ ಇರಬೇಕು: ಮೊದಲ ಮೂರು ವರ್ಷ ಕೈಗೆ ಎಷ್ಟು ಬರುತ್ತದೆ, ಬಾಡಿಗೆ ಎಷ್ಟು, ಮನೆಗೆ ಎಷ್ಟು ಕಳಿಸಬೇಕು.

ಇನ್ನೊಂದು ಕೆಲಸವನ್ನು ಹೇಳಿ ಮುಗಿಸುತ್ತೇನೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಸಿಕ್ಕಿತು. ನಿಮ್ಮ ತಂದೆಯವರು ಬಿತ್ತುವ ಟಿಎಸ್-3ಆರ್‌ನಂಥ, ಗಿಡವನ್ನು ಒಣಗಿಸುವ ನೆಟೆ ರೋಗ ತಡೆಯುವ ತಳಿಗಳ ಹಿಂದೆ ಕೃಷಿ ವಿಜ್ಞಾನಿಗಳ ವರ್ಷಗಳ ದುಡಿಮೆಯಿದೆ. 'ವಿಜ್ಞಾನಿ' ಎಂದರೆ ನಮ್ಮ ಕಣ್ಣೆದುರು ಬಿಳಿ ಕೋಟು ಬರುತ್ತದೆ. ತೊಗರಿ ತಳಿ ವಿಜ್ಞಾನಿಯ ದಿನ ಹೊಲದಲ್ಲಿ ಆರಂಭವಾಗುತ್ತದೆ: ಚಿಮಟ ಹಿಡಿದು ಮೊಗ್ಗು ಬಿಡಿಸಿ, ಕೇಸರ ತೆಗೆದು, ಇನ್ನೊಂದು ಗಿಡದ ಪರಾಗ ಸವರಿ, ದಾರ ಕಟ್ಟಬೇಕು, ಅವುಗಳಲ್ಲಿ ಬಹಳಷ್ಟು ಹೂ ಉದುರಿಯೇ ಹೋಗುತ್ತವೆ. ನೆಟೆ ರೋಗದ ಶಿಲೀಂಧ್ರವನ್ನು ಬೇಕೆಂದೇ ಬೆಳೆಸಿದ ಮಣ್ಣಿನ ಮಡಿಯೊಂದಿರುತ್ತದೆ. ಅಲ್ಲಿ ಸಾಲುಸಾಲಾಗಿ ಬಿತ್ತಿ, ಯಾವ ಸಾಲಿನಲ್ಲಿ ಎಷ್ಟು ಗಿಡ ಸತ್ತವು ಎಂದು ಬಿಸಿಲಿನಲ್ಲಿ ನಿಂತು ಎಣಿಸಬೇಕು. ವರ್ಷಕ್ಕೆ ಒಂದೇ ಬೆಳೆ, ಹಾಗಾಗಿ ವರ್ಷಕ್ಕೆ ಒಂದೇ ತಲೆಮಾರು; ಒಂದು ತಳಿ ರೈತನ ಕೈ ಸೇರುವ ಹೊತ್ತಿಗೆ ವಿಜ್ಞಾನಿಯ ಮಗಳು ಪ್ರಾಥಮಿಕ ಶಾಲೆ ಮುಗಿಸಿರುತ್ತಾಳೆ. ಸತ್ತ ಗಿಡ ಎಣಿಸುವುದರಲ್ಲಿ ನಿಮಗೆ ಬೇಸರವಾಗದಿದ್ದರೆ, ಈ ಕೆಲಸ ನಿಮ್ಮದಾಗಬಹುದು. ನಾನು ಕೆಲಸಗಳನ್ನು ಅಳೆಯುವುದು ಹೀಗೆಯೇ, ಅದರ ಸೊಗಸಿನ ನಿಮಿಷದಿಂದಲ್ಲ, ಬೇಸರದ ತಾಸಿನಿಂದ. ಮಾಸ್ತರಿಕೆಯ ಬೇಸರದ ತಾಸೆಂದರೆ ಉತ್ತರಪತ್ರಿಕೆಗಳ ಮೌಲ್ಯಮಾಪನ. ಕೈಬರಹ ಓದಿ ಓದಿ ಕಣ್ಣು ಉರಿಯುತ್ತದೆ. ಆದರೂ ನೂರನೆಯ ಪತ್ರಿಕೆಯಲ್ಲಿ ಯಾರೋ ಒಂದು ವಾಕ್ಯವನ್ನು ಸ್ವಂತವಾಗಿ ಬರೆದಿದ್ದರೆ ನನಗೆ ಎಚ್ಚರವಾಗುತ್ತದೆ. ಬಾನುಲಿಯ ಮುಳ್ಳನ್ನು ತಾಳಲಾರದ ನಾನು ಇದನ್ನು ಇಪ್ಪತ್ತು ವರ್ಷ ತಾಳಿದ್ದೇನೆ.

ಹೊರಗಿನ ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟಿದ್ದೇನೆ. ಮುಂದಿನ ವಾರದಿಂದ ಒಬ್ಬೊಬ್ಬ ವಿದ್ಯಾರ್ಥಿ ಒಂದು ದಿನ ಪೂರ್ತಿ ಒಬ್ಬರ ಕೆಲಸದ ಜಾಗದಲ್ಲಿ ಸುಮ್ಮನೆ ಕುಳಿತು ಬರಬೇಕು, ಪ್ರತಿ ಅರ್ಧ ತಾಸಿಗೊಮ್ಮೆ ಅವರು ಏನು ಮಾಡುತ್ತಿದ್ದರು ಎಂದು ಬರೆದು ತರಬೇಕು. ನರ್ಸ್ ಒಬ್ಬರು, ವಿದ್ಯುತ್ ಲೈನ್‌ಮನ್ ಒಬ್ಬರು, ಲೆಕ್ಕಪರಿಶೋಧಕರೊಬ್ಬರು ಈಗಾಗಲೇ ಒಪ್ಪಿದ್ದಾರೆ. ನೆಹರೂ ಗಂಜ್ ಮಾರುಕಟ್ಟೆಯ ಒಬ್ಬ ಅಡತಿ ವ್ಯಾಪಾರಿಯೂ ಒಪ್ಪಿದ್ದಾರೆ, ಆದರೆ ತೊಗರಿಯ ಧೂಳಿಗೆ ಮೂಗು ಕಟ್ಟಿಕೊಳ್ಳಲು ಒಂದು ವಸ್ತ್ರ ತರಬೇಕಂತೆ, ಮತ್ತು ಹರಾಜಿನ ಸವಾಲು ನಡೆಯುವಾಗ ನಡುವೆ ಬಾಯಿ ಹಾಕಬಾರದಂತೆ. ಹೆಸರು ಬರೆಯುವಾಗ ಪಾಲಕರ ಸಹಿಯೂ ಬೇಕು; ಅವರು ಇಲ್ಲಿಯೇ ಇದ್ದಾರಾದ್ದರಿಂದ ಆ ಕೆಲಸವನ್ನು ಊಟಕ್ಕೆ ಮೊದಲೇ ಮುಗಿಸಿಕೊಳ್ಳಿ.